ಊರೊಳಗೆ ಓಡುವ ಗಾಡಿ ಹುಮನಾಬಾದ್ ರೋಡಿನಲ್ಲಿ ಯಾಕೆ ಸೋಲುತ್ತದೆ

ಕಲಬುರಗಿ ಊರೊಳಗೆ ನಮ್ಮ ಮಾರುತಿ 800ರ ಮೇಲೆ ಒಂದು ದೂರೂ ಇರಲಿಲ್ಲ. 1998ರ ಗಾಡಿ, ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಮಾಡೆಲ್, ಅಪ್ಪಾಜಿ ತಗೊಂಡಿದ್ದು. ಸೂಪರ್ ಮಾರ್ಕೆಟ್ ಗದ್ದಲದಲ್ಲಿ, ಜಗತ್ ಸರ್ಕಲ್‌ನಲ್ಲಿ, ರಿಂಗ್ ರೋಡಿನಲ್ಲಿ ಆರಾಮಾಗಿ ಓಡುತ್ತಿತ್ತು. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಆದರೆ ಹುಮನಾಬಾದ್ ರೋಡ್ ಹಿಡಿದು ಬೀದರಿನ ಅಕ್ಕನ ಮನೆಗೆ ಹೊರಟರೆ ಕಥೆಯೇ ಬೇರೆ. ಮಹಾಗಾಂವ್ ಕ್ರಾಸ್ ದಾಟಿ, ನಾಲ್ಕನೇ ಗೇರಿನಲ್ಲಿ 75ರ ಆಸುಪಾಸು ಹೋಗುತ್ತಿರುವಾಗ ಮೆಲ್ಲಗೆ ದಮ್ ಬಿಡುತ್ತಿತ್ತು. ರೇಸ್ ಎಷ್ಟು ಒತ್ತಿದರೂ ಏರಲ್ಲ. 70, 65, 55. ಹಿಂದಿನ ಲಾರಿ ಹಾರ್ನ್ ಹೊಡೆಯುತ್ತಾ ಪಕ್ಕದಲ್ಲಿ ಹಾದು ಹೋಗುತ್ತದೆ.

ಇಂಥ ತೊಂದರೆಯ ಕಷ್ಟ ಏನೆಂದರೆ, ಗ್ಯಾರೇಜಿಗೆ ಒಯ್ದರೆ ಅಲ್ಲಿ ಗಾಡಿ ಸರಿಯಾಗೇ ಇರುತ್ತದೆ. ನಿಂತಲ್ಲೇ ರೇಸ್ ಕೊಡುತ್ತಾರೆ, ಎಂಜಿನ್ ಚೆನ್ನಾಗಿ ಕೂಗುತ್ತದೆ. ಒಂದು ಗ್ಯಾರೇಜಿನಲ್ಲಿ ಗಾಡಿಯನ್ನು ರೋಡಿಗೆ ಇಳಿಸದೇ "ಎಂಜಿನ್ ಕೆಲಸ ಬಂದಿದೆ, ಬಿಚ್ಚಬೇಕು" ಅಂದುಬಿಟ್ಟರು. ಪಿಸ್ಟನ್, ರಿಂಗ್, ಬೋರಿಂಗ್ ಎಲ್ಲ ಸೇರಿಸಿ ಅಂದಾಜು ಕೊಟ್ಟರು. ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುವವಳು. ಕಾರಣ ತೋರಿಸದೇ ಕೊಟ್ಟ ಉತ್ತರಕ್ಕೆ ನಾನು ಮಾರ್ಕ್ಸ್ ಕೊಡುವುದಿಲ್ಲ. ಸವೆದ ಎಂಜಿನ್ ಯಾವಾಗಲೂ ಸವೆದ ಎಂಜಿನ್ನೇ ಅಲ್ವಾ? ಅದು ಬೆಳಿಗ್ಗೆಯೂ ಸೋಲಬೇಕು, ಊರೊಳಗೂ ಸೋಲಬೇಕು, ಹೊಗೆ ಬಿಡಬೇಕು, ಆಯಿಲ್ ಕುಡಿಯಬೇಕು. ರೋಡ್ ಪಕ್ಕ ಸ್ವಲ್ಪ ಹೊತ್ತು ನಿಂತ ಮಾತ್ರಕ್ಕೆ ಹೊಸದಾಗುವುದಿಲ್ಲ. ಆದರೂ ಅನುಮಾನ ಇರಬಾರದು ಅಂತ ಬೇರೆ ಕಡೆ ಕಂಪ್ರೆಶನ್ ಗೇಜ್ (ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಮೀಟರ್) ಹಾಕಿಸಿ ನೋಡಿದೆ. ಮೂರೂ ಸಿಲಿಂಡರ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು. ಅಲ್ಲಿಗೆ ಎಂಜಿನ್ ಬಿಚ್ಚುವ ಮಾತು ಮುಗಿಯಿತು.

ಊರೊಳಗೆ ಯಾಕೆ ಗೊತ್ತಾಗಲ್ಲ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಇದೆ. ವೇಗ ಎರಡು ಪಟ್ಟಾದರೆ ಎದುರುಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟು. ಅಂದರೆ 40ರಲ್ಲಿ ಹೋಗುವ ಗಾಡಿ ಗಾಳಿಗೆ ಕೊಡುವ ಶಕ್ತಿಗಿಂತ 80ರಲ್ಲಿ ಹೋಗುವ ಗಾಡಿ ಎಂಟರಷ್ಟು ಕೊಡಬೇಕು. ನಮ್ಮ 800ರದ್ದು 796 ಸಿಸಿ ಎಂಜಿನ್. ಅದರ ಹತ್ತಿರ ಹೆಚ್ಚುವರಿ ಶಕ್ತಿ ಜಾಸ್ತಿ ಇರುವುದಿಲ್ಲ. ಪೆಟ್ರೋಲಿನ ಲೆಕ್ಕ ನೋಡಿ. 80ರಲ್ಲಿ ಲೀಟರಿಗೆ 18 ಕಿಲೋಮೀಟರ್ ಕೊಡುತ್ತದೆ ಅಂದುಕೊಂಡರೆ ಗಂಟೆಗೆ ಸುಮಾರು ನಾಲ್ಕೂವರೆ ಲೀಟರ್ ಬೇಕು. ನಿಮಿಷಕ್ಕೆ 75 ಮಿಲಿ ಆಸುಪಾಸು. ಸುಮ್ನೆ ನಿಂತು ಐಡಲ್ ಆಡುವಾಗ ನಿಮಿಷಕ್ಕೆ 10 ಮಿಲಿ ಇದ್ದರೂ ಸಾಕು. ಪೆಟ್ರೋಲ್ ಬರುವ ದಾರಿ ಅರ್ಧ ಕಟ್ಟಿದ್ದರೂ ಗ್ಯಾರೇಜಿನಲ್ಲಿ ಗಾಡಿ ಪಾಸಾಗುತ್ತದೆ, ಹೈವೇಯಲ್ಲಿ ಫೇಲಾಗುತ್ತದೆ.

ಅದಕ್ಕೆ ಸೇರಿಕೊಂಡು ನಮ್ಮ ಕಡೆಯ ಏರು. ಕಾರಿನಲ್ಲಿ ಕೂತವರಿಗೆ ಅದು ಗೊತ್ತೇ ಆಗಲ್ಲ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಬೀದರ್ 600 ಮೀಟರಿಗೂ ಜಾಸ್ತಿ. ಕಮಲಾಪುರ ದಾಟಿ ಕಿಣ್ಣಿ ಸಡಕ್ ಕಡೆ ಹೋಗುತ್ತಾ ಕಪ್ಪು ಎರೆಮಣ್ಣು ಮುಗಿದು ಕೆಂಪು ಮಣ್ಣು ಶುರುವಾಗುತ್ತದಲ್ಲ, ಅಷ್ಟರಲ್ಲಿ ಎಂಜಿನ್ ಗುಡ್ಡ ಹತ್ತುವ ಕೆಲಸವನ್ನೂ ಮಾಡುತ್ತಿರುತ್ತದೆ. ಬೀದರಿನಿಂದ ವಾಪಸ್ ಬರುವಾಗ ಈ ತೊಂದರೆ ಅಷ್ಟಾಗಿ ಕಾಣುತ್ತಿರಲಿಲ್ಲ. ಇಳಿಜಾರು ಸಹಾಯ ಮಾಡುತ್ತಿತ್ತು.

ಮೊದಲು ಎಂಜಿನ್ನಿಗೆ ಸಂಬಂಧ ಇಲ್ಲದ ಎರಡು ವಿಷಯ ತೆಗೆದು ಹಾಕಿದೆ. ಒಂದು ಕ್ಲಚ್. ಕ್ಲಚ್ ಜಾರುತ್ತಿದ್ದರೆ ರೇಸ್ ಒತ್ತಿದಾಗ ಎಂಜಿನ್ನಿನ ಸದ್ದು ಏರುತ್ತದೆ, ಗಾಡಿಯ ಸ್ಪೀಡ್ ಏರಲ್ಲ. ನಮ್ಮದರಲ್ಲಿ ಸದ್ದೂ ಸ್ಪೀಡೂ ಒಟ್ಟಿಗೇ ಇಳಿಯುತ್ತಿದ್ದವು. ಇನ್ನೊಂದು ಬ್ರೇಕ್. ಬ್ರೇಕ್ ಹಿಡಿದುಕೊಂಡಿದ್ದರೆ ಗಾಡಿ ಎಳೆಯಲು ಕಷ್ಟಪಡುತ್ತದೆ. ಖಾಲಿ ರೋಡಿನಲ್ಲಿ ಆದಷ್ಟು ಬ್ರೇಕ್ ಒತ್ತದೇ ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಒಯ್ದು ನೋಡಬೇಕು. ಯಾವುದಾದರೂ ಒಂದು ಸುಡುತ್ತಿದ್ದರೆ ಅಲ್ಲೇ ಇದೆ ಕಳ್ಳ. ನಾಲ್ಕೂ ಒಂದೇ ಥರ ಇದ್ದವು. ಟೆಂಪರೇಚರ್ ಮುಳ್ಳು ಕೂಡ ತನ್ನ ಜಾಗ ಬಿಟ್ಟು ಏರಿರಲಿಲ್ಲ.

ಇನ್ನು ಉಳಿದದ್ದು ಮೂರು. ಪೆಟ್ರೋಲ್, ಕರೆಂಟ್, ಗಾಳಿ.

ಎಲ್ಲರೂ ಕೇಳುವ ಪ್ರಶ್ನೆ, ಗಾಡಿ ಯಾವಾಗ ಕೆಡುತ್ತದೆ ಅಂತ. ಗಾಡಿ ಎಷ್ಟು ಹೊತ್ತಿಗೆ ಸರಿಹೋಗುತ್ತದೆ ಅನ್ನುವುದು ಅದಕ್ಕಿಂತ ಜಾಸ್ತಿ ಹೇಳುತ್ತದೆ. ಇದನ್ನು ನಾನು ಒತ್ತಿ ಹೇಳುತ್ತೇನೆ. ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಬಿಸಿಯಾಗಿ ಸೋಲುತ್ತಿದ್ದರೆ ಅದು ತಣ್ಣಗಾಗಲು ಸಾಕಷ್ಟು ನಿಮಿಷ ಬೇಕು. ಮೇಲಾಗಿ ಕರೆಂಟಿನ ತೊಂದರೆ ಮೆಲ್ಲಗೆ ಬರುವುದು ಕಮ್ಮಿ. ಒಮ್ಮೆಗೇ ಬರುತ್ತದೆ, ಗಾಡಿ ಜಗ್ಗುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ. ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ನಿಂತಿದ್ದರೆ ಅದಕ್ಕೂ ಬಾನೆಟ್ ತೆಗೆದು ಕಾಯಬೇಕು. ಟ್ಯಾಂಕಿನ ತಳದ ಕಚರಾ ಎಳೆತಕ್ಕೆ ಬಂದು ಜಾಲರಿಗೆ ಅಂಟಿಕೊಂಡಿದ್ದರೆ ಎಂಜಿನ್ ಆಫ್ ಮಾಡಿದ ಮೇಲೆ ಕೆಳಗೆ ಉದುರುತ್ತದೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಆಡುವ ತೂತು ಕಟ್ಟಿದ್ದರೆ ಮುಚ್ಚಳ ತೆಗೆದಾಗ ಬುಸ್ ಅಂತ ಗಾಳಿ ಒಳಗೆ ನುಗ್ಗುತ್ತದೆ, ಆಮೇಲೆ ಗಾಡಿ ಸರಾಗ.

ನಮ್ಮ ಗಾಡಿ ಇವ್ಯಾವುದನ್ನೂ ಮಾಡುತ್ತಿರಲಿಲ್ಲ. ರೇಸಿನಿಂದ ಕಾಲು ತೆಗೆದು, 45ರಲ್ಲಿ ಸ್ವಲ್ಪ ದೂರ ಹೋದರೆ ಸಾಕು, ಮತ್ತೆ ಎಳೆಯುತ್ತಿತ್ತು. ನಿಲ್ಲಿಸುವುದೇ ಬೇಡ. ಒಂದೆರಡು ಕಿಲೋಮೀಟರ್ ಚೆನ್ನಾಗಿ ಓಡಿ ಮತ್ತೆ ಸೋಲುತ್ತಿತ್ತು. ಅಷ್ಟು ಬೇಗ ಯಾವ ಕಾಯಿಲೂ ತಣ್ಣಗಾಗಲ್ಲ. ಆದರೆ ಕಾರ್ಬೊರೇಟರಿನ ಫ್ಲೋಟ್ ಚೇಂಬರ್ ತುಂಬಲು ಅಷ್ಟು ಹೊತ್ತು ಸಾಕು. ಅದು ಸಣ್ಣ ಬಟ್ಟಲು. ಖರ್ಚಿಗಿಂತ ಬರವು ಕಮ್ಮಿಯಾದರೆ ಅದರಲ್ಲಿ ಪೆಟ್ರೋಲ್ ಇಳಿಯುತ್ತಾ ಹೋಗುತ್ತದೆ, ಎಂಜಿನ್ ಸೊರಗುತ್ತದೆ. ಖರ್ಚು ಇಳಿಸಿದರೆ ಮತ್ತೆ ತುಂಬುತ್ತದೆ.

ಇದು ಊಹೆ. ಪರೀಕ್ಷೆ ಬೇಕಲ್ಲ? ಹಳೆಯ ಕಾರ್ಬೊರೇಟರ್ ಗಾಡಿಯಲ್ಲಿ ಪರೀಕ್ಷೆಯ ಸಾಧನ ಡ್ಯಾಶ್‌ಬೋರ್ಡಿನಲ್ಲೇ ಇದೆ. ಅದು ಚೋಕ್. ಗಾಡಿ ಸೋಲುತ್ತಿರುವಾಗಲೇ, ಮುಂದೆ ಹಿಂದೆ ರೋಡ್ ಖಾಲಿ ನೋಡಿಕೊಂಡು, ಚೋಕನ್ನು ಅರ್ಧ ಎಳೆದೆ. ಗಾಡಿ ಮುಂದಕ್ಕೆ ಎಳೆಯಿತು! ಸ್ಪೀಡ್ ಮುಳ್ಳು 58ರಿಂದ ಮೇಲೆ ಹತ್ತಿದ್ದು ಕಣ್ಣಾರೆ ಕಂಡಿತು. ಚೋಕ್ ಎಳೆದರೆ ಒಳಗೆ ಹೋಗುವ ಗಾಳಿ ಕಮ್ಮಿಯಾಗುತ್ತದೆ, ಜೆಟ್ಟಿನ (ಪೆಟ್ರೋಲ್ ಚಿಮ್ಮುವ ಸಣ್ಣ ತೂತಿನ) ಮೇಲೆ ಎಳೆತ ಜಾಸ್ತಿಯಾಗಿ ಪೆಟ್ರೋಲ್ ಹೆಚ್ಚು ಬರುತ್ತದೆ. ಅದರಿಂದ ಎಂಜಿನ್ ಚೇತರಿಸಿಕೊಂಡರೆ ಅದು ಪೆಟ್ರೋಲಿಗೆ ಹಸಿದಿತ್ತು ಅಂತಲೇ ಅರ್ಥ. ಏರ್ ಫಿಲ್ಟರ್ ಕಟ್ಟಿದ್ದರೆ ಚೋಕ್ ಎಳೆದಾಗ ಇನ್ನೂ ಕೆಡಬೇಕಿತ್ತು, ಹಿಂದೆ ಕಪ್ಪು ಹೊಗೆ ಬರಬೇಕಿತ್ತು. ಸೈಲೆನ್ಸರ್ ಒಳಗೆ ಕಟ್ಟಿದ್ದರೂ ಚೋಕಿನಿಂದ ಲಾಭ ಇರುತ್ತಿರಲಿಲ್ಲ. ಒಂದು ಗುಂಡಿ ಎಳೆದದ್ದಕ್ಕೆ ಇಷ್ಟೊಂದು ಪ್ರಶ್ನೆ ಒಟ್ಟಿಗೇ ಮುಗಿದವು. ನನಗೆ ಆ ಕ್ಷಣ ಆದ ಸಂತೋಷ ಹೇಳಲಾರೆ.

ಆಮೇಲೆ ಗಾಡಿ ಸೋತ ಹೊತ್ತಿನಲ್ಲೇ ಪಕ್ಕಕ್ಕೆ ತೆಗೆದು, ಐಡಲ್ ಆಡಲು ಬಿಡದೇ ತಕ್ಷಣ ಆಫ್ ಮಾಡಿ, ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ನೋಡಿದೆ. ಮೂರರ ಮೂತಿಯೂ ಬೆಳ್ಳಗಿತ್ತು. ಸರಿಯಾಗಿ ಉರಿದ ಪ್ಲಗ್ ತಿಳಿ ಕಂದು ಬಣ್ಣ ಇರುತ್ತದೆ. ಕರ್ರಗೆ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಕಮ್ಮಿ. ಇದನ್ನು ಮಾಡುವವರು ಒಂದು ಎಚ್ಚರಿಕೆ ಇಟ್ಟುಕೊಳ್ಳಿ. ಗಾಡಿ ಓಡುತ್ತಿರುವಾಗ ಕೀ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಬೀಳುತ್ತದೆ. ಪೂರ್ತಿ ನಿಂತ ಮೇಲೆಯೇ ಆಫ್ ಮಾಡಿ. ಪೆಟ್ರೋಲ್ ಕಮ್ಮಿಯಾಗಿ ಓಡುವ ಎಂಜಿನ್ ಒಳಗೆ ವಿಪರೀತ ಬಿಸಿಯಾಗುತ್ತದೆ. ವಾಲ್ವು ಸುಡುತ್ತದೆ, ಪಿಸ್ಟನ್ನಿಗೂ ಪೆಟ್ಟು. "ನಿಧಾನಕ್ಕೆ ಹೋದರೆ ಆಯ್ತು" ಅಂತ ಇಂಥ ಗಾಡಿಯನ್ನು ತಿಂಗಳುಗಟ್ಟಲೆ ಓಡಿಸಬಾರದು.

ಇಷ್ಟು ತಿಳಿದ ಮೇಲೆ ನಾನು ಹೋದದ್ದು ರಿಂಗ್ ರೋಡ್ ಪಕ್ಕದ ಉಸ್ತಾದರ ಹತ್ತಿರ. ಕಾರ್ಬೊರೇಟರ್ ಗಾಡಿ ಕೈಯಲ್ಲಿ ಹಿಡಿದು ಬೆಳೆದವರು. ಈಗ ಅಂಥವರು ಕಮ್ಮಿಯಾಗುತ್ತಿದ್ದಾರೆ. ನಾನು ಹೇಳಿದ್ದೆಲ್ಲ ಕೇಳಿ, "ಪೆಟ್ರೋಲ್ ಬರವಲ್ದು ಮೇಡಂ. ಆದರ ಎಲ್ಲಿ ನಿಂತದ ಅದು ನೋಡಬೇಕು" ಅಂದರು. ಮೊದಲು ಕಾಯಿಲಿನ ವೈರ್ ತೆಗೆದು, ಪಂಪಿನ ಹೊರಗಿನ ಪೈಪನ್ನು ಬಾಟಲಿಗೆ ಇಳಿಸಿ ಸೆಲ್ಫ್ ಹೊಡೆದರು. 800ರಲ್ಲಿ ಪಂಪು ಎಂಜಿನ್ನಿನ ಕ್ಯಾಮ್ ಶಾಫ್ಟಿನಿಂದಲೇ ನಡೆಯುತ್ತದೆ, ಒಳಗೆ ಮೇಲೆ ಕೆಳಗೆ ಆಡಿ ಪೆಟ್ರೋಲ್ ಎಳೆಯುವ ಡಯಾಫ್ರಮ್ ಅನ್ನುವ ಪೊರೆ ಇರುತ್ತದೆ. ಪೆಟ್ರೋಲ್ ಚಿಮ್ಮಿ ಚಿಮ್ಮಿ ಬರಬೇಕು. ಬಂತು, ಆದರೆ ನಡುನಡುವೆ ಪುಸ್ ಪುಸ್ ಅಂತ ಬರೀ ಗಾಳಿ.

ಆಗ ಅವರು ಪಂಪಿಗೆ ಬರುವ ಪೈಪಿನ ನಡುವೆ ಆರಪಾರ ಕಾಣುವ ಪ್ಲಾಸ್ಟಿಕ್ ಫಿಲ್ಟರ್ ಕೂಡಿಸಿದರು. ಇಬ್ಬರೂ ಗಾಡಿ ತಗೊಂಡು ಹುಮನಾಬಾದ್ ರೋಡಿಗೆ ಹೋದೆವು. ಸೋಲು ಶುರುವಾದ ತಕ್ಷಣ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು ಬಾನೆಟ್ ಎತ್ತಿದೆವು. ಫಿಲ್ಟರಿನಲ್ಲಿ ಪೆಟ್ರೋಲ್ ಕಾಲುಭಾಗವೂ ಇರಲಿಲ್ಲ. ಟ್ಯಾಂಕಿನ ಕಡೆಯ ಬಾಯಿಂದ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಬರುತ್ತಿದ್ದವು. ಉಸ್ತಾದ್ ಕೈಯಿಂದ ರೇಸ್ ಎಳೆದರೆ ಗುಳ್ಳೆಗಳು ದಪ್ಪಗಾಗಿ ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದವು. ಬಿಟ್ಟರೆ ಮತ್ತೆ ಸಣ್ಣಗೆ. ಎಷ್ಟು ಹೊತ್ತು ನೋಡುತ್ತಾ ನಿಂತೆವೋ.

ಗುಳ್ಳೆ ಅಂದಕೂಡಲೇ ಬಿಸಿಲಿನ ಮೇಲೆ ಅನುಮಾನ ಬರುತ್ತದೆ. ಮೇ ತಿಂಗಳಲ್ಲಿ ನಮ್ಮ ಕಡೆ 42 ಡಿಗ್ರಿ ಸಾಮಾನ್ಯ. ಪೆಟ್ರೋಲಿನ ಹಗುರ ಭಾಗ 40ರ ಆಸುಪಾಸಿನಲ್ಲೇ ಆವಿಯಾಗಲು ಶುರುಮಾಡುತ್ತದೆ, ಎಳೆತ ಇರುವ ಪೈಪಿನಲ್ಲಿ ಇನ್ನೂ ಬೇಗ. ಹಾಗಾಗಿ ಒಂದು ದಿನ ಬೆಳಕು ಹರಿಯುವ ಮೊದಲೇ ಹೊರಟೆ. ಗಾಳಿ ತಣ್ಣಗಿತ್ತು, ರೋಡ್ ತಣ್ಣಗಿತ್ತು. ಆದರೂ ಅದೇ ಏರಿನಲ್ಲಿ ಅದೇ ಸೋಲು. ಆವಿ ಅಲ್ಲ ಅಂತ ಖಾತ್ರಿಯಾಯಿತು. ಎಲ್ಲೋ ಹೊರಗಿನ ಗಾಳಿ ಸೇರುತ್ತಿದೆ.

ಗಾಡಿಯ ಕೆಳಗೆ ಪೆಟ್ರೋಲ್ ಹನಿ ಇದೆಯಾ ಅಂತ ನೋಡುವುದು ಸಹಜ. ಆದರೆ ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಪಂಪು ಪೆಟ್ರೋಲನ್ನು ಎಳೆಯುತ್ತದೆ, ನೂಕುವುದಿಲ್ಲ. ಆ ಭಾಗದಲ್ಲಿ ಬಿರುಕು ಬಿದ್ದರೆ ಪೆಟ್ರೋಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಕುಡಿದು ನೋಡಿ, ಅರ್ಧ ನೀರು ಅರ್ಧ ಗಾಳಿ. ಸ್ಟ್ರಾ ಹೊರಗೆ ಮಾತ್ರ ಒಣಗೇ ಇರುತ್ತದೆ.

ಇಲ್ಲಿ ಅಪ್ಪಾಜಿಯ ಡೈರಿ ನೆರವಿಗೆ ಬಂತು. ಪೆಟ್ರೋಲ್ ಹಾಕಿಸಿದಾಗಲೆಲ್ಲ ಕಿಲೋಮೀಟರ್, ಲೀಟರ್ ಬರೆದಿಡುವುದು ಅವರ ರೂಢಿ. ನಾನೂ ಅದನ್ನೇ ನಡೆಸಿಕೊಂಡು ಬಂದಿದ್ದೇನೆ. ತಿರುವಿ ನೋಡಿದಾಗ ಎರಡು ವಿಷಯ ಎದ್ದು ಕಂಡವು. ಫುಲ್ ಟ್ಯಾಂಕ್ ಹಾಕಿಸಿ ಹೋದಾಗ ಬೀದರಿನವರೆಗೆ ಗಾಡಿ ಸೋತಿರಲಿಲ್ಲ. ಸೋಲುತ್ತಿದ್ದದ್ದು ಮುಳ್ಳು ಅರ್ಧಕ್ಕಿಂತ ಕೆಳಗಿದ್ದಾಗ. ಇನ್ನೊಂದು, ಫುಲ್ ಟ್ಯಾಂಕ್ ಹಾಕಿಸಿದ ದಿನವೇ ಹಿಂದಿನ ಸೀಟಿನಲ್ಲಿ ಪೆಟ್ರೋಲ್ ವಾಸನೆ. "ಮುಚ್ಚಳದಿಂದ ಬರುತ್ತಿರಬಹುದು" ಅಂತ ಬರೆದಿದ್ದರು. ಇವೆರಡೂ ಬೇರೆ ಬೇರೆ ದೂರು ಅಂತಲೇ ಇಷ್ಟು ದಿನ ಮನೆಯಲ್ಲಿ ಮಾತಾಡಿಕೊಂಡಿದ್ದು. ಒಂದೇ ಬಿರುಕು ಎರಡನ್ನೂ ಮಾಡಬಲ್ಲದು ಅಲ್ವಾ? ಬಿರುಕು ಟ್ಯಾಂಕಿನ ಮೇಲ್ಭಾಗದ ಪೈಪಿನಲ್ಲಿದ್ದರೆ, ಬಾಯಿವರೆಗೆ ತುಂಬಿಸಿದಾಗ ಪೆಟ್ರೋಲೇ ಅಲ್ಲಿಗೆ ಮುಟ್ಟಿ ಜಿನುಗುತ್ತದೆ, ವಾಸನೆ ಬರುತ್ತದೆ. ಗಾಳಿಗೆ ದಾರಿ ಇರುವುದಿಲ್ಲ. ಮಟ್ಟ ಇಳಿದ ಮೇಲೆ ಜಿನುಗುವುದು ನಿಲ್ಲುತ್ತದೆ. ಪಂಪು ಪೆಟ್ರೋಲನ್ನು ಇನ್ನೂ ಕೆಳಗಿನಿಂದ ಮೇಲೆತ್ತಬೇಕಾದ್ದರಿಂದ ಎಳೆತ ಜಾಸ್ತಿಯಾಗುತ್ತದೆ, ಅದೇ ಬಿರುಕಿನಿಂದ ಗಾಳಿ ನುಗ್ಗುತ್ತದೆ.

ಉಸ್ತಾದರಿಗೆ ಹೇಳಿದೆ. ಅವರು ಡೈರಿ ಇಸಿದುಕೊಂಡು ಎರಡು ಪುಟ ನೋಡಿ, ಹುಡುಗನನ್ನು ಕರೆದು, "ಟ್ಯಾಂಕ್ ಉತಾರೋ" ಅಂದರು. ಟ್ಯಾಂಕ್ ಇಳಿಸಿದಾಗ ಅದರ ತಲೆಯ ಮೇಲಿನ ಕಬ್ಬಿಣದ ಮೂತಿಗೂ ಗಾಡಿಯ ಉದ್ದಕ್ಕೂ ಹೋಗುವ ಲೈನಿಗೂ ನಡುವೆ ಒಂದು ಗೇಣು ರಬ್ಬರ್ ಪೈಪು. ಗಾಡಿ ಹುಟ್ಟಿದಾಗಿನದೇ ಇರಬೇಕು. ಮೇಲಿಂದ ನೋಡಿದರೆ ಧೂಳು ಬಿಟ್ಟರೆ ಏನೂ ಇಲ್ಲ. "ಹಿಂಗ ನೋಡಿದರ ಚೊಲೋನೇ ಕಾಣ್ತದ. ಬಗ್ಗಿಸಿ ನೋಡ್ರಿ ಮೇಡಂ" ಅಂತ ನನ್ನ ಕೈಗೆ ಕೊಟ್ಟರು. ಬಗ್ಗಿಸಿದೆ. ಕ್ಲಿಪ್ಪಿನ ಅಂಚಿಗೆ ಸರಿಯಾಗಿ ಸುತ್ತ ಸಣ್ಣ ಸಣ್ಣ ಬಿರುಕು ಬಾಯಿ ತೆರೆದವು. ಒಂದು ಒಳಗಿನವರೆಗೂ ಹೋಗಿತ್ತು. ಉಗುರು ಒತ್ತಿದರೆ ರಬ್ಬರ್ ಒತ್ತಿಕೊಳ್ಳಲೇ ಇಲ್ಲ, ಅಷ್ಟು ಗಟ್ಟಿಯಾಗಿತ್ತು.

ರಬ್ಬರ್ ಹೀಗಾಗಲು ವಯಸ್ಸು ಒಂದೇ ಸಾಕು. ಈಗ ಅದರ ಜೊತೆ ಪೆಟ್ರೋಲಿಗೆ ಬೆರೆಸುವ ಎಥನಾಲ್ ಕೂಡ ಇದೆ. ನಮ್ಮ ಬೀದರ್, ಆಳಂದ ಕಡೆಯ ಕಬ್ಬು ಬೆಳೆಗಾರರಿಗೆ ಎಥನಾಲಿನಿಂದ ಲಾಭ ಆದರೆ ನನಗೆ ಖುಷಿಯೇ, ನಮ್ಮ ಮನೆಯವರೂ ರೈತರೇ. ಆದರೆ 1998ರ ಗಾಡಿಯ ರಬ್ಬರನ್ನು ಶೇಕಡಾ 20 ಎಥನಾಲ್ ಇರುವ ಪೆಟ್ರೋಲಿಗಾಗಿ ಮಾಡಿದ್ದಲ್ಲ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಸಾರ ಎಳೆಯುತ್ತದೆ. ನೀರನ್ನು ಹೀರಿಕೊಳ್ಳುವ ಗುಣ ಇರುವುದರಿಂದ ಟ್ಯಾಂಕಿನ ಒಳಗೆ ತುಕ್ಕಿಗೂ ದಾರಿ. ತಳದಲ್ಲಿ ವರ್ಷಗಟ್ಟಲೆ ಕೂತ ಕೊಳೆಯನ್ನು ಬಿಡಿಸಿ ಫಿಲ್ಟರಿಗೆ ತಂದು ಹಾಕುವುದೂ ಇದೆ. 2021ರಲ್ಲಿ ನೀತಿ ಆಯೋಗದ ವರದಿಯೇ ಎಥನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸ ಮಾಡಿ ಶೇಕಡಾ 10ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇಕಡಾ 20ರದ್ದು ಹಾಕಿದರೆ ಮೈಲೇಜ್ ಶೇಕಡಾ 6ರಿಂದ 7ರಷ್ಟು ಇಳಿಯಬಹುದು ಅಂತ ಹೇಳಿತ್ತು. ಮೈಲೇಜ್ ಇಳಿದರೆ ತಡೆದುಕೊಳ್ಳಬಹುದು. ಟ್ಯಾಂಕಿನ ಮೇಲೆ ಪೆಟ್ರೋಲ್ ಜಿನುಗುವುದು ಬೆಂಕಿಯ ಮಾತು. ಹಳೆ ಗಾಡಿ ಇಟ್ಟುಕೊಂಡವರು ಎಲ್ಲ ಕೆಲಸ ಬಿಟ್ಟು ಮೊದಲು ಪೈಪು ನೋಡಿಸಿ ಅಂತ ಕೈ ಮುಗಿದು ಕೇಳುತ್ತೇನೆ.

ಪೈಪು ತರುವಾಗ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಯಾವುದೋ ಕಪ್ಪು ಪೈಪು ತರಬೇಡಿ. ಮೈಮೇಲೆ ಫ್ಯೂಯಲ್ ಹೋಸ್ ಅಂತ ಛಾಪಿಸಿರಬೇಕು. ಎಸ್‌ಎಇ ಜೆ30 ಆರ್9 ಅಂತ ಬರೆದದ್ದು ಸಿಕ್ಕರೆ ಎಥನಾಲ್ ತಡೆಯುತ್ತದೆ. ಪೆಟ್ರೋಲ್ ವಾಪಸ್ ಬರುವ ರಿಟರ್ನ್ ಪೈಪನ್ನೂ ಆಗಲೇ ಬದಲಿಸಿಬಿಡಿ, ಟ್ಯಾಂಕ್ ಹೇಗೂ ಕೆಳಗೆ ಇಳಿದಿರುತ್ತದೆ. ಕ್ಲಿಪ್ಪು ಬಿಗಿ ಮಾಡುವಾಗ ರಬ್ಬರ್ ಕತ್ತರಿಸುವಷ್ಟು ಬಿಗಿ ಬೇಡ. ನಮ್ಮ ಪೈಪು ಬಿರುಕು ಬಿಟ್ಟಿದ್ದು ಕ್ಲಿಪ್ಪಿನ ಅಂಚಿನಲ್ಲೇ.

ಹೊಸ ಪೈಪು ಹಾಕಿದ ಮೇಲೆ ಎರಡು ಸಲ ಬೇರೆ ಬೇರೆ ಥರ ನೋಡಬೇಕಿತ್ತು. ಬಾಯಿವರೆಗೆ ತುಂಬಿಸಿ ಗಾಜು ಏರಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಬಾಗಿಲು ತೆಗೆದಾಗ ವಾಸನೆ ಇರಲಿಲ್ಲ. ಆಮೇಲೆ ಮುಳ್ಳು ಕಾಲು ಟ್ಯಾಂಕಿಗೆ ಇಳಿಯುವವರೆಗೆ ಊರೊಳಗೆ ಓಡಿಸಿ, ಮಟಮಟ ಮಧ್ಯಾಹ್ನ ಉಸ್ತಾದರನ್ನೂ ಕರೆದುಕೊಂಡು ಕಮಲಾಪುರದ ಆಚೆಗೆ ಹೋದೆ. ಅದೇ ಏರು, ನಾಲ್ಕನೇ ಗೇರ್, 75. ಗಾಡಿ ಇಳಿಯಲಿಲ್ಲ. ಇನ್ನೂ ಸ್ವಲ್ಪ ರೇಸ್ ಕೊಟ್ಟರೆ 80 ದಾಟಿತು. ಉಸ್ತಾದ್ ವಾಪಸ್ ಬರುವಾಗ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಡಿಸಿದರು. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ.

ನಿಮ್ಮದು ಇಂಜೆಕ್ಷನ್ ಗಾಡಿಯಾದರೆ (ಕಾರ್ಬೊರೇಟರ್ ಬದಲು ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ಗಾಡಿ), ಸ್ಯಾಂಟ್ರೋ, ಇಂಜೆಕ್ಷನ್ ಬಂದ ಮೇಲಿನ ಝೆನ್ ಅಂಥವು, ಚೋಕಿನ ಪರೀಕ್ಷೆ ನಡೆಯಲ್ಲ. ಅದರಲ್ಲಿ ಪಂಪು ಟ್ಯಾಂಕಿನ ಒಳಗೇ ಕೂತು ಪೆಟ್ರೋಲನ್ನು ನೂಕುತ್ತದೆ. ಪ್ರೆಶರ್ ಗೇಜನ್ನು ಉದ್ದ ಪೈಪಿನಿಂದ ಗಾಜಿನ ಎದುರು ಕಾಣುವ ಹಾಗೆ ಕಟ್ಟಿಕೊಂಡು ಹೈವೇಯಲ್ಲೇ ನೋಡಬೇಕು. ಗ್ಯಾರೇಜಿನಲ್ಲಿ ಸರಿ ಇದ್ದು ಏರಿನಲ್ಲಿ ಮುಳ್ಳು ಬಿದ್ದರೆ ಪಂಪು, ಜಾಲರಿ, ಇಲ್ಲವೇ ಪಂಪಿಗೆ ಕರೆಂಟ್ ಕೊಡುವ ಕನೆಕ್ಟರ್. ಮುಳ್ಳು ಅಲುಗದೇ ಎಂಜಿನ್ ಸೋತರೆ ಸೆನ್ಸರ್ ಕಡೆಗೋ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಡೆಗೋ ನೋಡಿ. ಹಳೆಯ ಡೀಸೆಲ್ ಗಾಡಿಗಳಲ್ಲಿ ಮಾತ್ರ ನಮ್ಮ 800ರ ಹಾಗೆಯೇ ಪೈಪಿಗೆ ಗಾಳಿ ಸೇರುವುದು ಬಹಳ ಕಂಡುಬರುತ್ತದೆ. ಅಲ್ಲೂ ಆರಪಾರ ಕಾಣುವ ಪೈಪಿನ ಒಂದು ತುಂಡು ಸಾಕು.

ಮುಂದಿನ ಬೇಸಿಗೆಗೆ ಮೊದಲು ಡಿಸ್ಟ್ರಿಬ್ಯೂಟರಿಗೆ (ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಭಾಗ) ಹೋಗುವ ವ್ಯಾಕ್ಯೂಮ್ ಪೈಪು, ಕಾರ್ಬೊರೇಟರ್ ಹತ್ತಿರದ ಪೈಪುಗಳು ಎಲ್ಲ ಬದಲಿಸುವುದಿದೆ. ಅವೂ 1998ರವೇ. ಉಸ್ತಾದ್ ಉದ್ದ ಅಳೆದು ಚೀಟಿ ಕೊಟ್ಟಿದ್ದಾರೆ.